ಆಡದೆ ಉಳಿದ ಆಟಿಕೆ

ಮನುಷ್ಯನು ತಾನು ಕಳೆದುಕೊಂಡುದನ್ನು ಹಣ ಕೊಟ್ಟು ಮರಳಿ ಪಡೆಯಬಲ್ಲನೆ? ಹೊಲ ಮಾರಿದವನು ಮತ್ತೆ ಹೊಲ ಕೊಳ್ಳಬಹುದು. ಅಡವಿಟ್ಟ ಒಡವೆಯನ್ನು ಬಿಡಿಸಿಕೊಂಡು ಬರಬಹುದು. ಆದರೆ ಕಳೆದುಹೋದ ಬಾಲ್ಯವನ್ನು ಕೊಳ್ಳಲು ಹೊರಟವನಿಗೆ ಏನೆನ್ನಬೇಕು? ಅವನನ್ನು ಕಂಡು ನಗಬೇಕೆ, ಮರುಗಬೇಕೆ, ಅಥವಾ ಅವನಲ್ಲಿ ನಮ್ಮನ್ನೇ ಕಂಡು ಸುಮ್ಮನಾಗಬೇಕೆ? ಈ ಪ್ರಶ್ನೆಯು ಕೆಲವು ವರ್ಷಗಳಿಂದ ನನ್ನನ್ನು ಬಿಡದೆ ಕಾಡುತ್ತಿದೆ. ಇದಕ್ಕೆ ಉತ್ತರವನ್ನು ಕಂಡುಕೊಂಡೆನೆಂಬ ಹಮ್ಮು ನನಗಿಲ್ಲ. ಪ್ರಶ್ನೆಯನ್ನಾದರೂ ಸರಿಯಾಗಿ ಮುಂದಿಟ್ಟರೆ ವಾಚಕರು ತಂತಮ್ಮ ಅನುಭವದ ಒರೆಗಲ್ಲಿಗೆ ಅದನ್ನು ತಿಕ್ಕಿ ನೋಡಿಕೊಳ್ಳಬಹುದೆಂಬ ಆಶೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ನಿದರ್ಶನ. 2013ನೆಯ ಇಸವಿಯ ಜನವರಿ ತಿಂಗಳಲ್ಲಿ ಅಮೆರಿಕದ ಅರಿಜೋನಾ ಪ್ರಾಂತದ ಸ್ಕಾಟ್ಸ್‌ಡೇಲ್ ಎಂಬಲ್ಲಿ ಒಂದು ಹಳೆಯ ಕಾರು ಹರಾಜಿಗೆ ಬಂದಿತು. ಕೂಗು ಏರುತ್ತ ಏರುತ್ತ 42 ಲಕ್ಷ ಡಾಲರಿಗೆ ನಿಂತಿತು. ಹರಾಜಿನವರ ಶುಲ್ಕವೂ ಸೇರಿ ಕೊಂಡವರು ತೆತ್ತದ್ದು 46 ಲಕ್ಷ 20 ಸಾವಿರ ಡಾಲರು. ಆ ಕಾರಿನ ಪೂರ್ವವೃತ್ತಾಂತವು ಸ್ವಾರಸ್ಯವಾಗಿದೆ. ಅದು 1955ರಲ್ಲಿ ‘ಲಿಂಕನ್ ಫ್ಯೂಚುರಾ’ ಎಂಬ ಹೆಸರಿನಿಂದ ಪ್ರದರ್ಶನಕ್ಕೆಂದೇ ಇಟಲಿಯ ಟುರಿನ್ ನಗರದಲ್ಲಿ, ಘಿಯಾ ಎಂಬವರ ಕಾರ್ಖಾನೆಯಲ್ಲಿ ಸಿದ್ಧವಾದ ವಾಹನ. ಕೆಲವು ಕಾಲ ಜನರ ಕಣ್ಣಿಗೆ ಹಬ್ಬವಾಗಿದ್ದು, 1959ರಲ್ಲಿ ಒಂದು ಸಿನಿಮಾದಲ್ಲಿ ಕೆಂಪು ಬಣ್ಣ ಬಳಿಸಿಕೊಂಡು ಕಾಣಿಸಿಕೊಂಡು, ಆಮೇಲೆ ಯಾರಿಗೂ ಬೇಡವಾಗಿ ಬಿದ್ದಿತ್ತು. ಜಾರ್ಜ್ ಬ್ಯಾರಿಸ್ ಎಂಬ ಕುಶಲಿಯು ಅದನ್ನು ಒಂದೇ ಒಂದು ಡಾಲರಿಗೆ ಪಡೆದನೆಂದು ಹೇಳುತ್ತಾರೆ. ಅವನೂ ಅವನ ಕೆಲಸಗಾರರೂ ಸುಮಾರು ಮೂರು ವಾರಗಳಲ್ಲಿ ಅದರ ಲೋಹದ ಮೈಯನ್ನು ತಿದ್ದಿ, ಬಾವಲಿಯ ರೆಕ್ಕೆಯಂತೆ ಹಿಂಭಾಗವನ್ನು ಚಾಚಿಸಿ, ಕಪ್ಪು ಬಣ್ಣ ಹಚ್ಚಿ, ‘ಬ್ಯಾಟ್‌ಮನ್’ ಎಂಬ ಟೆಲಿವಿಷನ್ ಕಥಾಮಾಲೆಯ ವೀರನ ರಥವನ್ನಾಗಿ ಮಾಡಿದರು. ಒಂದು ಡಾಲರಿನ ಕಬ್ಬಿಣವು 46 ಲಕ್ಷ ಡಾಲರಿನ ವಸ್ತುವಾದದ್ದು ಹೀಗೆ. ಈ ಎರಡು ಬೆಲೆಗಳ ನಡುವಣ ಅಂತರವನ್ನು ತುಂಬಿದ್ದು ಯಾವುದು? ಯಂತ್ರವಲ್ಲ, ಲೋಹವಲ್ಲ, ಬಣ್ಣವಲ್ಲ. ಅದನ್ನು ತುಂಬಿದ್ದು ಲಕ್ಷಾಂತರ ಮಂದಿಯ ಬಾಲ್ಯದ ನೆನಪು.

ಆ ಕಥಾಮಾಲೆಯ ವಿಚಾರವನ್ನು ಸ್ವಲ್ಪ ಹೇಳದಿದ್ದರೆ ಮುಂದಿನ ಮಾತು ತಿಳಿಯಲಾರದು. ಬ್ಯಾಟ್‌ಮನ್ ಎಂಬ ಪಾತ್ರವು 1939ರಲ್ಲಿ ಅಮೆರಿಕದ ಒಂದು ಚಿತ್ರಕಥಾ ಪತ್ರಿಕೆಯಲ್ಲಿ ಹುಟ್ಟಿತು. ಲೋಕದ ಕಣ್ಣಿಗೆ ಅವನು ಬ್ರೂಸ್ ವೇನ್ ಎಂಬ ಸಿರಿವಂತ. ದುಷ್ಟರಿಂದ ಊರಿಗೆ ಕೇಡು ಬಂದಾಗ ಬಾವಲಿಯ ವೇಷ ತೊಟ್ಟು ಹೊರಡುವ ಸಾಹಸಿ. ಎಬಿಸಿ ಸಂಸ್ಥೆಯು ಈ ಕಥೆಯನ್ನು 1966ರ ಜನವರಿ 12ರಿಂದ ಟೆಲಿವಿಷನ್ನಿನಲ್ಲಿ ತೋರಿಸಲಾರಂಭಿಸಿತು. ಆಡಮ್ ವೆಸ್ಟ್ ನಾಯಕ. ಬರ್ಟ್ ವಾರ್ಡ್ ಅವನ ಎಳೆಯ ಸಂಗಾತಿ ರಾಬಿನ್. ಮೊದಮೊದಲು ವಾರಕ್ಕೆ ಎರಡು ದಿನ. ಬುಧವಾರ ರಾತ್ರಿ ವೀರರಿಬ್ಬರೂ ಸಾವಿನ ದವಡೆಗೆ ಸಿಕ್ಕುವರು. ಗುರುವಾರ ರಾತ್ರಿ ಪಾರಾಗುವರು. ಹೊಡೆದಾಟದ ನಡುವೆ ಏಟಿನ ಸದ್ದುಗಳೇ ಬಣ್ಣಬಣ್ಣದ ದಪ್ಪಕ್ಷರಗಳಾಗಿ ತೆರೆಯ ಮೇಲೆ ಸಿಡಿಯುವುವು. 1968ರ ಮಾರ್ಚಿ 14ರಂದು 120ನೆಯ ಕಂತಿನೊಡನೆ ಅದು ಮುಗಿಯಿತು. ಮುಗಿದ ಮೇಲೂ ಊರೂರಿನ ನಿಲಯಗಳು ಅದನ್ನು ಮತ್ತೆ ಮತ್ತೆ ತೋರಿಸುತ್ತಿದ್ದುದರಿಂದ ಮುಂದಿನ ತಲೆಮಾರಿನ ಮಕ್ಕಳೂ ಅದನ್ನು ನೋಡಿಕೊಂಡೇ ಬೆಳೆದರು.

ಈ ಕಥಾಮಾಲೆಯಲ್ಲಿ ಒಂದು ವಿಶೇಷವುಂಟು. ದೊಡ್ಡವರು ಅದನ್ನು ನೋಡಿ ನಗುತ್ತಿದ್ದರು. ಏಕೆಂದರೆ ಅದನ್ನು ಮಾಡಿದವರು ಹಾಸ್ಯವೆಂದೇ ಮಾಡಿದ್ದರು. ವೀರನು ಎಷ್ಟು ಗಂಭೀರನೋ ಸನ್ನಿವೇಶವು ಅಷ್ಟು ಅಸಂಬದ್ಧ. ಆದರೆ ಅದೇ ಕೋಣೆಯಲ್ಲಿ ಅದೇ ಪೆಟ್ಟಿಗೆಯ ಮುಂದೆ ಕುಳಿತ ಐದು ವರ್ಷದ ಹುಡುಗನು ನಗುತ್ತಿರಲಿಲ್ಲ. ಅವನ ಪಾಲಿಗೆ ಅಪಾಯವು ನಿಜವಾದ ಅಪಾಯ, ಧರ್ಮವು ನಿಜವಾದ ಧರ್ಮ. ತಂದೆ ಕಂಡುದು ಪ್ರಹಸನ, ಮಗ ಕಂಡುದು ವೀರಕಥೆ. ಆ ಮಗನು ಬೆಳೆದು ಐವತ್ತು ವರ್ಷದವನಾಗಿ ಮತ್ತೆ ಅದನ್ನು ನೋಡಿದರೆ ಅವನಿಗೂ ಪ್ರಹಸನವೇ ಕಾಣುತ್ತದೆ. ವಸ್ತುವು ಹಾಗೆಯೇ ಇದೆ. ನಂಬಿದ ಮನಸ್ಸು ಮಾತ್ರ ಇಲ್ಲ. ಆದುದರಿಂದ ಅವನು ಹುಡುಕುತ್ತಿರುವುದು ಆ ಕಥೆಯನ್ನಲ್ಲ, ಅದನ್ನು ನಗದೆ ನೋಡಬಲ್ಲವನಾಗಿದ್ದ ತನ್ನನ್ನು.

ಕಥೆಯ ಬೆನ್ನಿಗೇ ಆಟದ ಸಾಮಾನುಗಳು ಬಂದವು: ಚಿತ್ರದ ಚೀಟಿಗಳು, ಮುಖವಾಡಗಳು, ಊಟದ ಡಬ್ಬಿಗಳು. ಇವುಗಳಲ್ಲಿ ಹೆಸರಾದುದು ಬ್ರಿಟನ್ನಿನ ಕಾರ್ಗಿ ಕಂಪೆನಿಯ 267ನೆಯ ನಂಬರಿನ ಕಾರು. ವೇಲ್ಸಿನ ಸ್ವಾನ್ಸಿ ಕಾರ್ಖಾನೆಯಿಂದ 1966ರಲ್ಲಿ ಹೊರಟ ಈ ಅಂಗೈಯುದ್ದದ ಎರಕದ ಕಾರು ಸುಮಾರು ಹದಿನೇಳು ವರ್ಷ ಮಾರಾಟದಲ್ಲಿತ್ತು. ಗುಂಡಿಯನ್ನು ಒತ್ತಿದರೆ ಮೂತಿಯಿಂದ ಸರಪಳಿ ಕಡಿಯುವ ಅಲಗು ಚಿಮ್ಮುತ್ತದೆ. ಹಿಂದಿನ ಕೊಳವೆಗಳಿಂದ ಹಳದಿ ಪ್ಲಾಸ್ಟಿಕ್ಕಿನ ಬಾಣಗಳು ಹಾರುತ್ತವೆ. ಕಾರು ಉರುಳಿದರೆ ಹಿಂಭಾಗದ ಕೆಂಪು ಜ್ವಾಲೆಯು ಒಳಕ್ಕೂ ಹೊರಕ್ಕೂ ಆಡುತ್ತದೆ. ಮಕ್ಕಳು ಇದನ್ನು ಹೇಗೆ ಆಡಿರಬೇಕೆಂದು ಹೇಳಬೇಕಾದುದಿಲ್ಲ. ಬಾಣಗಳು ಮಂಚದ ಕೆಳಗೆ ಸೇರಿದವು, ಬಣ್ಣ ಸುಲಿಯಿತು, ಗೊಂಬೆಗಳು ಕಿತ್ತುಹೋದವು, ರಟ್ಟಿನ ಪೆಟ್ಟಿಗೆಯನ್ನು ಮೊದಲ ದಿನವೇ ಹರಿದೆಸೆದರು.

ಇಂದು ಸಂಗ್ರಾಹಕರು ಕೇಳುವುದು ಹಾಗೆ ಆಡಿದ ಕಾರನ್ನಲ್ಲ. ಬಣ್ಣ ಮಾಸದೆ, ಬಾಣಗಳು ಅಚ್ಚಿನಿಂದ ಬಿಡಿಯಾಗದೆ, ಮೂಲದ ಪೆಟ್ಟಿಗೆಯೊಳಗೆ ಇಟ್ಟಂತೆಯೇ ಇರುವ ಕಾರಿಗೆ ಹೆಚ್ಚಿನ ಬೆಲೆ. ಇಂಥ ವಸ್ತುಗಳನ್ನು ಪರೀಕ್ಷಿಸಿ, ಅಂಕ ಕೊಟ್ಟು, ಪಾರದರ್ಶಕ ಪೆಟ್ಟಿಗೆಯಲ್ಲಿ ಮುದ್ರೆಯೊತ್ತಿ ಕೊಡುವ ಸಂಸ್ಥೆಗಳೂ ಇವೆ. ಈ ವಿಚಿತ್ರವನ್ನು ವಾಚಕರು ಗಮನಿಸಬೇಕು. ಆಟಿಕೆಯ ಧರ್ಮವು ಆಟ. ಯಾವ ಆಟಿಕೆಯಿಂದ ಯಾವ ಮಗುವೂ ಒಂದು ದಿನದ ಸುಖವನ್ನೂ ಪಡೆಯಲಿಲ್ಲವೋ ಅದೇ ಅತ್ಯಂತ ಬೆಲೆಯುಳ್ಳದ್ದು. ಯಾವುದು ತನ್ನ ಧರ್ಮವನ್ನು ಪೂರ್ತಿಯಾಗಿ ನೆರವೇರಿಸಿ ಸವೆಯಿತೋ ಅದಕ್ಕೆ ಬೆಲೆಯಿಲ್ಲ. ಬಾಲ್ಯದ ನೆನಪಿಗೆಂದು ಕೊಳ್ಳುವ ವಸ್ತುವು ಯಾರ ಬಾಲ್ಯವನ್ನೂ ಮುಟ್ಟದೆ ಬಂದಿರಬೇಕೆಂಬುದು ಎಂಥ ನಿಯಮ!

ಈ ಸಂಗತಿಯು ನನಗೆ ಪುಸ್ತಕದಿಂದ ತಿಳಿದುದಲ್ಲ. ನನ್ನ ಅಣ್ಣ 1970ರಲ್ಲಿ ಕೆಲಸಕ್ಕಾಗಿ ಅಮೆರಿಕಕ್ಕೆ ಹೋದವನು ಅಲ್ಲಿಯೇ ನೆಲಸಿದನು. ಅವನ ಒಬ್ಬನೇ ಮಗನು ಅಲ್ಲಿ ಶಾಲೆಯಿಂದ ಬಂದೊಡನೆ ಬ್ಯಾಟ್‌ಮನ್ನನ ಹಳೆಯ ಕಂತುಗಳನ್ನು ನೋಡುತ್ತ ಬೆಳೆದ ಹುಡುಗ. 2009ರಲ್ಲಿ ಅಣ್ಣ ತೀರಿಕೊಂಡನು. ಹತ್ತು ವರ್ಷಗಳ ಮೇಲೆ ನಾನು ಆ ಮಗನ ಮನೆಗೆ ಹೋದಾಗ ಅವನು ಒಂದು ಕೋಣೆಯನ್ನು ತೋರಿಸಿದನು. ಗೋಡೆಯುದ್ದಕ್ಕೂ ಗಾಜಿನ ಬೀರುಗಳು. ಒಳಗೆ ಸಣ್ಣ ದೀಪಗಳು. ಆ ಕಥಾಮಾಲೆಯ ನೂರಾರು ವಸ್ತುಗಳು. ನಡುವೆ, ಪ್ರತ್ಯೇಕ ಪೀಠದ ಮೇಲೆ, ಪೆಟ್ಟಿಗೆಯೊಳಗಿನ ಕಾರ್ಗಿ ಕಾರು. ಅದಕ್ಕೆ ತೆತ್ತ ಹಣವನ್ನು ಅವನು ಹೇಳಿದನು. ನಾನು ಇಲ್ಲಿ ಹೇಳುವುದಿಲ್ಲ. ಅವನ ಮಗ, ಐದು ವರ್ಷದ ಕೂಸು, ನನ್ನ ಕೈಹಿಡಿದು ನಿಂತಿತ್ತು. “ತಾತ, ಅದನ್ನು ತೆಗೆದುಕೊಡು” ಎಂದಿತು. ನಾನು ಅಣ್ಣನ ಮಗನ ಮುಖ ನೋಡಿದೆ. “ಅದು ಆಟದ್ದಲ್ಲ, ಚಿಕ್ಕಪ್ಪ” ಎಂದು ಅವನು ಮೆಲ್ಲಗೆ ಹೇಳಿದನು. ಮಗುವು ಅಳಲಿಲ್ಲ. ಈ ಉತ್ತರವು ಅದಕ್ಕೆ ಹಳೆಯದೆಂದು ತೋರಿತು. ಅಳದೆ ಹೊರಟುಹೋದ ಆ ಮಗುವಿನ ಬೆನ್ನೇ ಈ ಲೇಖನಕ್ಕೆ ಕಾರಣ.

ಹಿಂದಿನದಕ್ಕಾಗಿ ಹಂಬಲಿಸುವ ಈ ಭಾವಕ್ಕೆ ಪಾಶ್ಚಾತ್ಯರು ‘ನಾಸ್ಟಾಲ್ಜಿಯಾ’ ಎನ್ನುತ್ತಾರೆ. ಅದು ಮೊದಲು ವೈದ್ಯರ ಶಬ್ದ. 1688ರಲ್ಲಿ ಬಾಸೆಲ್ ನಗರದಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿಯು ಮನೆಗೆ ಮರಳುವುದು, ನೋವು ಎಂಬ ಅರ್ಥದ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ ಈ ಹೆಸರನ್ನು ಕಟ್ಟಿದನು. ಪರದೇಶಗಳಲ್ಲಿ ದುಡಿಯುತ್ತಿದ್ದ ಸ್ವಿಸ್ ಜನರು ಊರನ್ನು ನೆನೆದು ಕೃಶರಾಗುವುದನ್ನು ಅವನು ರೋಗವೆಂದು ಎಣಿಸಿದನು. ಆ ರೋಗಕ್ಕೆ ಮದ್ದೂ ಇತ್ತು: ರೋಗಿಯನ್ನು ಊರಿಗೆ ಕಳುಹಿಸುವುದು. ಆದರೆ ದೇಶಕ್ಕಾಗಿ ಹುಟ್ಟಿದ ಹಂಬಲವು ಕಾಲಕ್ಕಾಗಿ ಹುಟ್ಟುವ ಹಂಬಲವಾಗಿ ಮಾರ್ಪಟ್ಟಾಗ ಮದ್ದು ಇಲ್ಲವಾಯಿತು. ಬಾಸೆಲಿನಿಂದ ಬೆಟ್ಟದೂರಿಗೆ ದಾರಿಯುಂಟು. ಐವತ್ತನೆಯ ವಯಸ್ಸಿನಿಂದ ಐದನೆಯ ವಯಸ್ಸಿಗೆ ದಾರಿಯಿಲ್ಲ. ದಾರಿಯಿಲ್ಲದವನು ದಾರಿಯ ಗುರುತನ್ನಾದರೂ ಕೈಯಲ್ಲಿ ಹಿಡಿದುಕೊಳ್ಳುತ್ತಾನೆ. ಆ ಗುರುತೇ ಈ ಸಂಗ್ರಹವಸ್ತು.

ನಮ್ಮ ನೈಯಾಯಿಕರು ಸ್ಮೃತಿಯ ವಿಚಾರವನ್ನು ಬಹು ಸೂಕ್ಷ್ಮವಾಗಿ ಮಾಡಿದ್ದಾರೆ. ಅನುಭವವು ಆತ್ಮದಲ್ಲಿ ಸಂಸ್ಕಾರವನ್ನು ಉಳಿಸಿಹೋಗುತ್ತದೆ. ಆ ಸಂಸ್ಕಾರವು ಮಲಗಿರುತ್ತದೆ. ಹೊರಗಿನ ಯಾವುದೋ ಒಂದು ಅದನ್ನು ಎಬ್ಬಿಸಿದಾಗ ಸ್ಮೃತಿಯಾಗುತ್ತದೆ. ಎಬ್ಬಿಸುವುದಕ್ಕೆ ‘ಉದ್ಬೋಧಕ’ವೆಂದು ಹೆಸರು. ಈ ವಿವೇಚನೆಯನ್ನು ಒಪ್ಪಿದರೆ ನಮ್ಮ ಪ್ರಶ್ನೆಯ ಅರ್ಧಭಾಗವು ತಿಳಿಯಾಗುತ್ತದೆ. ನೆನಪು ಕಾರಿನಲ್ಲಿಲ್ಲ, ನೋಡುವವನಲ್ಲಿದೆ. ಕಾರು ಬಾಗಿಲು ತಟ್ಟುವ ಕೈ ಮಾತ್ರ. ಒಳಗೆ ಯಾರೂ ಇಲ್ಲದ ಮನೆಯ ಬಾಗಿಲನ್ನು ಬಂಗಾರದ ಕೈಯಿಂದ ತಟ್ಟಿದರೂ ತೆರೆಯುವವರಿಲ್ಲ.

ಹಾಗಿದ್ದರೆ ಮೂಲವಸ್ತುವೇ ಏಕೆ ಬೇಕು? ಬ್ಯಾರಿಸನು ಆ ಕಾರಿನ ಅಚ್ಚು ತೆಗೆದು ಗಾಜಿನೆಳೆಯ ಮೈಯುಳ್ಳ ಪ್ರತಿಗಳನ್ನು ಮಾಡಿ ಪ್ರದರ್ಶನಗಳಿಗೆ ಕಳುಹಿಸಿದನು. ಪ್ರತಿಯ ಮುಂದೆ ನಿಂತ ಹುಡುಗನಿಗೆ ಆದ ರೋಮಾಂಚವು ಸುಳ್ಳೆ? ಅಲ್ಲ. ಇನ್ನೊಂದು ಉದಾಹರಣೆಯನ್ನು ನೋಡಿರಿ. ಬ್ಯಾಟ್‌ಮನ್ನನಿಗಿಂತ ಮುಂಚೆ, 1952ರಿಂದ 1958ರವರೆಗೆ, ಜಾರ್ಜ್ ರೀವ್ಸ್ ಎಂಬ ನಟನು ಟೆಲಿವಿಷನ್ನಿನಲ್ಲಿ ಸೂಪರ್‌ಮ್ಯಾನ್ ಆಗಿದ್ದನು. ಸೂಪರ್‌ಮ್ಯಾನನ ಉಡುಪು ನೀಲಿ ಕೆಂಪು ಎಂದು ಚಿತ್ರಕಥೆಯನ್ನು ಓದಿದ ಮಕ್ಕಳೆಲ್ಲ ಬಲ್ಲರು. ಆದರೆ ಮೊದಲ ಕಂತುಗಳನ್ನು ಕಪ್ಪು ಬಿಳುಪಿನಲ್ಲಿ ತೆಗೆದಾಗ ಛಾಯೆಗಳು ಬೇರೆಬೇರೆಯಾಗಿ ಕಾಣಲೆಂದು ನಟನಿಗೆ ತೊಡಿಸಿದ ಉಡುಪು ಕಂದು ಮತ್ತು ಬೂದು ಬಣ್ಣದ್ದು. ತೆರೆಯ ಮೇಲೆ ಬಣ್ಣವೇ ಇರಲಿಲ್ಲ. ನಟನ ಮೈಮೇಲೆ ಬೇರೆ ಬಣ್ಣವಿತ್ತು. ನೀಲಿ ಕೆಂಪುಗಳಿದ್ದುದು ಮಗುವಿನ ಮನಸ್ಸಿನಲ್ಲಿ. ಆ ಮಗುವು ದೊಡ್ಡವನಾಗಿ ಆ ಮೊದಲ ಉಡುಪನ್ನೇ ಅಪಾರ ಹಣ ಕೊಟ್ಟು ತಂದನೆನ್ನೋಣ. ಪೆಟ್ಟಿಗೆಯನ್ನು ತೆರೆದರೆ ಒಳಗಿರುವುದು ಕಂದುಬಣ್ಣದ ಬಟ್ಟೆ. ಅದೇ ನಿಜ; ಆದರೆ ಅವನ ನೆನಪಿನಲ್ಲಿದ್ದುದು ಅದಲ್ಲ. ಮೂಲವಸ್ತುವು ನಮ್ಮ ನೆನಪಿಗೆ ಸಾಕ್ಷಿಯಾಗುವುದೆಂದು ನಂಬಿ ಹೋದವನಿಗೆ ಕೆಲವೊಮ್ಮೆ ಅದು ಎದುರುಸಾಕ್ಷಿಯಾಗುತ್ತದೆ.

ಗುರುತಿನ ವಸ್ತುವೆಂದೊಡನೆ ಕಾಳಿದಾಸನ ಶಾಕುಂತಲದ ಉಂಗುರವನ್ನು ನೆನೆಯದ ಭಾರತೀಯನುಂಟೆ? ದುಷ್ಯಂತನಿಗೆ ಮರೆತುದನ್ನು ಮರಳಿ ತಂದದ್ದು ಉಂಗುರ. ಆದರೆ ಕವಿಯು ಅಲ್ಲಿಗೇ ನಿಲ್ಲಿಸಲಿಲ್ಲ. ಕೊನೆಯ ಅಂಕದಲ್ಲಿ ರಾಜನು ಆ ಉಂಗುರವನ್ನು ಮತ್ತೆ ತೊಡಿಸಲು ಬಂದಾಗ ಶಕುಂತಲೆಯು, ಅದರಲ್ಲಿ ತನಗೆ ನಂಬಿಕೆಯಿಲ್ಲ, ಆರ್ಯಪುತ್ರನೇ ಅದನ್ನು ಧರಿಸಲಿ ಎಂಬರ್ಥದ ಮಾತನಾಡುತ್ತಾಳೆ. ಪತಿ ಎದುರಿಗಿದ್ದಾನೆ, ಮಗನು ಪಕ್ಕದಲ್ಲಿದ್ದಾನೆ. ಇನ್ನು ಉಂಗುರದಿಂದ ಏನಾಗಬೇಕು? ಗುರುತಿನ ಕೆಲಸವು ಗುರುತು ಹಿಡಿದೊಡನೆ ಮುಗಿಯುತ್ತದೆ. ಗುರುತನ್ನೇ ಪ್ರೀತಿಸತೊಡಗಿದವನು ಉಂಗುರವನ್ನು ಪೂಜಿಸಿ ಮಗನನ್ನು ಮರೆತ ದುಷ್ಯಂತನಾಗುತ್ತಾನೆ.

ಇಲ್ಲಿ ಸಂಗ್ರಾಹಕರ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಅವರೆನ್ನಬಹುದು: “ನಾವು ಯಾರಿಗೂ ಕೇಡು ಮಾಡಲಿಲ್ಲ. ಎಲ್ಲರೂ ಎಸೆದುದನ್ನು ನಾವು ಆಯ್ದು ಉಳಿಸಿದೆವು.” ಈ ಮಾತಿನಲ್ಲಿ ಸತ್ಯವಿದೆ. ಬ್ರಿಟನ್ನಿನ ಬಿಬಿಸಿಯವರು 1960ರ ದಶಕದ ತಮ್ಮ ‘ಡಾಕ್ಟರ್ ಹೂ’ ಕಥಾಮಾಲೆಯ ಹಲವು ಕಂತುಗಳನ್ನು ತಾವೇ ಅಳಿಸಿಹಾಕಿದರು. ಕಳೆದುಹೋದ ಕೆಲವು ಕಂತುಗಳು ಮುಂದೆ ದೊರೆತದ್ದು ಖಾಸಗಿ ಸಂಗ್ರಾಹಕರ ಬಳಿ. ಬ್ಯಾಟ್‌ಮನ್ ಕಥಾಮಾಲೆಯೂ ಹಕ್ಕುಗಳ ತೊಡಕಿನಲ್ಲಿ ಸಿಕ್ಕಿ, ಮನೆಗೆ ಕೊಂಡುಹೋಗುವ ಮುದ್ರಿಕೆಯಾಗಿ 2014ರವರೆಗೆ ಮಾರಾಟಕ್ಕೆ ಬರಲಿಲ್ಲ. ಅಷ್ಟು ಕಾಲವೂ ಆ ಕಥೆಯನ್ನು ಪ್ರೀತಿಸಿದವರ ಕೈಗೆ ಸಿಕ್ಕುತ್ತಿದ್ದುದು ಅದರ ಆಟಿಕೆಗಳು, ಚೀಟಿಗಳು ಮಾತ್ರ. ರೀವ್ಸನ ಬಣ್ಣದ ಉಡುಪೊಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಯಾರೋ ಒಬ್ಬರು ಅದನ್ನು ಜೋಪಾನ ಮಾಡದಿದ್ದರೆ ಅಲ್ಲಿಗೆ ಬರುತ್ತಿತ್ತೆ? ಜೋಪಾನ ಮಾಡುವುದು ಪ್ರೀತಿಯ ಒಂದು ರೂಪವೇ ಸರಿ. ಅದನ್ನು ನಾನು ಹಳಿಯಲಾರೆ.

ಹಳಿಯಲಾರೆನಾದರೂ ಒಂದು ಪರೀಕ್ಷೆಯನ್ನು ಮುಂದಿಡಬಯಸುತ್ತೇನೆ. ನೆನಪು ನಮ್ಮ ಸೊತ್ತೋ, ನಮ್ಮ ಮೇಲಿನ ಋಣವೋ? ಸೊತ್ತಾದರೆ ಅದನ್ನು ಬೀಗ ಹಾಕಿ ಕಾಯಬಹುದು. ಬೆಲೆ ಏರಿದಾಗ ಮಾರಲೂಬಹುದು. ಋಣವಾದರೆ ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಿಸಬೇಕಾಗುತ್ತದೆ. ನನ್ನ ಬಾಲ್ಯವನ್ನು ಸುಖವಾಗಿಸಿದವರು ಯಾರು? ಮೊದಲನೆಯದಾಗಿ ಆ ಕಥೆಯನ್ನು ಕಟ್ಟಿದವರು. ಎರಡನೆಯದಾಗಿ ಆಡಿ ತೋರಿಸಿದ ನಟರು. ಮೂರನೆಯದಾಗಿ ಆ ಸುಖವನ್ನು ನನಗೆ ದೊರಕಿಸಿಕೊಟ್ಟ ತಾಯಿತಂದೆಗಳು. ಈ ಮೂವರಿಗೂ ಏನಾಯಿತೆಂದು ನೋಡೋಣ.

ಬ್ಯಾಟ್‌ಮನ್ನನನ್ನು ಸೃಷ್ಟಿಸಿದವರು ಇಬ್ಬರು: ಬಾಬ್ ಕೇನ್ ಮತ್ತು ಬಿಲ್ ಫಿಂಗರ್. ಪಾತ್ರದ ಕಥೆ, ವೇಷ, ಸ್ವಭಾವಗಳಲ್ಲಿ ಫಿಂಗರನ ಪಾಲು ಬಹಳ ದೊಡ್ಡದು. ಆದರೆ ಸೃಷ್ಟಿಕರ್ತನೆಂದು ದಶಕಗಳ ಕಾಲ ಅಚ್ಚಾದುದು ಕೇನನೊಬ್ಬನ ಹೆಸರು. 1966ರ ಕಥಾಮಾಲೆಗೆ ಫಿಂಗರನು ಇನ್ನೊಬ್ಬರೊಡನೆ ಸೇರಿ ಒಂದು ಕಥೆಯನ್ನು ಬರೆದುಕೊಟ್ಟನು. ಅದರ ಖಳನು ಗಡಿಯಾರಗಳ ಹುಚ್ಚಿನವನು. ವೀರರನ್ನು ದೊಡ್ಡದೊಂದು ಮರಳುಗಡಿಯಾರದಲ್ಲಿ ಕೂಡಿಹಾಕುತ್ತಾನೆ. ತಾನೇ ಹುಟ್ಟಿಸಿದ ವೀರನ ಕಥೆಗೆ ಅವನು ಬಾಡಿಗೆಯ ಲೇಖಕನಂತೆ ಬಂದು ಹೋದನು. 1974ರಲ್ಲಿ ಅವನು ತೀರಿಕೊಂಡನು. ಅವನ ಹೆಸರು ಸೃಷ್ಟಿಕರ್ತರ ಸಾಲಿನಲ್ಲಿ ಅಧಿಕೃತವಾಗಿ ಸೇರಿದ್ದು 2015ರಲ್ಲಿ. ಸೂಪರ್‌ಮ್ಯಾನನ ಜನಕರಾದ ಜೆರಿ ಸೀಗಲ್ ಮತ್ತು ಜೋ ಶುಸ್ಟರರ ಕಥೆ ಇನ್ನೂ ಕಟುವಾದುದು. 1938ರಲ್ಲಿ ಅವರಿಬ್ಬರೂ ಆ ಪಾತ್ರದ ಹಕ್ಕನ್ನೆಲ್ಲ ಬಿಟ್ಟುಕೊಟ್ಟು ಪಡೆದದ್ದು 130 ಡಾಲರು. ಆ ಮೊಬಲಗು ಸೇರಿದ್ದ ಹಳೆಯ ಚೆಕ್ಕಿನ ಹಾಳೆಯೇ 2012ರಲ್ಲಿ ಸಂಗ್ರಹವಸ್ತುವಾಗಿ ಹರಾಜಾಗಿ 1 ಲಕ್ಷ 60 ಸಾವಿರ ಡಾಲರು ತಂದಿತು. ಅನ್ಯಾಯದ ಕಾಗದಕ್ಕೆ ಸಿಕ್ಕಿದ ಬೆಲೆಯು ಅನ್ಯಾಯವನ್ನು ಅನುಭವಿಸಿದವರಿಗೆ ಆ ದಿನ ಸಿಕ್ಕಿರಲಿಲ್ಲ. ಹೀಗಿರುವಾಗ, ವಸ್ತುವನ್ನು ಬಲ್ಲೆವು, ಮಾಡಿದವನನ್ನು ಅರಿಯೆವು ಎಂಬ ನೆನಪು ಎಷ್ಟರ ಮಟ್ಟಿಗೆ ನೆನಪು?

ನಟರ ಸಂಗತಿಯೂ ಹಾಗೆಯೇ. ಜನರ ಪ್ರೀತಿಯೇ ಅವರಿಗೆ ಸೆರೆಯಾಯಿತು. ರೀವ್ಸನನ್ನು ಬೇರೆ ಪಾತ್ರದಲ್ಲಿ ನೋಡಲು ಜನರು ಒಪ್ಪಲಿಲ್ಲವೆಂದು ಹೇಳುವರು. 1959ರಲ್ಲಿ, 45ನೆಯ ವಯಸ್ಸಿನಲ್ಲಿ, ಅವನು ಗುಂಡೇಟಿನಿಂದ ಮಡಿದನು. ಆಡಮ್ ವೆಸ್ಟ್ ಕೂಡ ಕಥಾಮಾಲೆ ಮುಗಿದ ಮೇಲೆ ಬಹುಕಾಲ ತಕ್ಕ ಕೆಲಸವಿಲ್ಲದೆ, ಅಲ್ಲಿ ಇಲ್ಲಿ ಆ ಹಳೆಯ ವೇಷದಲ್ಲಿಯೇ ಕಾಣಿಸಿಕೊಂಡು ಕಾಲ ಕಳೆಯಬೇಕಾಯಿತು. ಆದರೆ ಅವನು ಕಹಿಯಾಗಲಿಲ್ಲ. ಆ ವೇಷವನ್ನು ಕೊನೆಗೆ ನಗುತ್ತಲೇ ತನ್ನದನ್ನಾಗಿ ಮಾಡಿಕೊಂಡನು. 2017ರ ಜೂನ್ ತಿಂಗಳಲ್ಲಿ ಅವನು ತೀರಿಕೊಂಡಾಗ ಲಾಸ್ ಏಂಜಲಿಸ್ ನಗರದವರು ತಮ್ಮ ನಗರಭವನದ ಗೋಡೆಯ ಮೇಲೆ ಬಾವಲಿಯ ಗುರುತನ್ನು ಬೆಳಕಿನಿಂದ ಮೂಡಿಸಿದರು. ನೋಡಲು ಜನರು ನೆರೆದರು. ಸ್ವಲ್ಪ ಹೊತ್ತಿನ ಮೇಲೆ ದೀಪ ಆರಿತು. ಯಾರೂ ಅದನ್ನು ಮನೆಗೆ ಒಯ್ಯಲಾಗಲಿಲ್ಲ. ಋಣವನ್ನು ಸಲ್ಲಿಸುವ ಬಗೆಗಳಲ್ಲಿ ಅದೊಂದು ಚೆನ್ನಾದ ಬಗೆಯೆಂದು ನನಗೆ ತೋರುತ್ತದೆ.

ಇನ್ನು ಮೂರನೆಯ ಋಣ. ಇದನ್ನು ಹೇಳುವಾಗ ನನ್ನ ತಪ್ಪನ್ನೂ ಹೇಳಬೇಕು. ಅಮೆರಿಕದಿಂದ ಮರಳಿದ ಮೇಲೆ ಹೊಸೂರಿನ ನಮ್ಮ ಹಳೆಯ ಮನೆಯ ಅಟ್ಟವನ್ನು ಹತ್ತಿ ಒಂದು ತಗಡಿನ ಪೆಟ್ಟಿಗೆಯನ್ನು ಇಳಿಸಿದೆ. 1982ರಲ್ಲಿ ಅಣ್ಣ ಸಂಸಾರಸಮೇತ ಊರಿಗೆ ಬಂದಾಗ ಎಂಟು ವರ್ಷದ ಅವನ ಮಗನು ತನ್ನ ಆಟದ ಕಾರನ್ನು ಇಲ್ಲಿ ಮರೆತುಹೋಗಿದ್ದನು. ಅದೇ ಕಾರ್ಗಿ, ಅದೇ 267. ಬಣ್ಣ ಪೂರ್ತಿ ಹೋಗಿ ಲೋಹ ಕಾಣುತ್ತಿತ್ತು. ಬಾಣಗಳಿಲ್ಲ, ಗೊಂಬೆಗಳಿಲ್ಲ, ಹಿಂದಿನ ಚಕ್ರದ ಅಚ್ಚು ಮುರಿದಿದ್ದುದನ್ನು ಅಣ್ಣನು ನಮ್ಮ ಜಗಲಿಯ ಮೇಲೆ ಕುಳಿತು ತಾಮ್ರದ ತಂತಿಯಿಂದ ಬಿಗಿದಿದ್ದನು. ಆ ದಿನ ನಾನು ಪಕ್ಕದಲ್ಲಿದ್ದೆ. ಸಂಗ್ರಾಹಕರ ಸಂತೆಯಲ್ಲಿ ಅದಕ್ಕೆ ಮೂರು ಕಾಸೂ ಹುಟ್ಟಲಾರದು.

ಅದನ್ನು ನಾನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟು ಮೂವತ್ತೇಳು ವರ್ಷವಾಗಿತ್ತು. ಆ ನಡುವೆ ನನ್ನ ಮಕ್ಕಳು ಕೇಳಿದರು, ಕೊಡಲಿಲ್ಲ. ಓರಗೆಯ ಮನೆಗಳ ಮಕ್ಕಳು ಕೇಳಿದರು, ಗದರಿಸಿ ಕಳುಹಿಸಿದೆ. ಅಣ್ಣನ ಮಗನದು, ಅವನು ಬಂದಾಗ ಕೊಡಬೇಕು ಎಂದು ಹೇಳುತ್ತಿದ್ದೆ. ಅದು ನೆಪ. ಅವನಿಗೆ ಅಂಚೆಯಲ್ಲಿ ಕಳುಹಿಸಬಹುದಾಗಿತ್ತು. ಒಂದು ಕಾಗದವನ್ನಾದರೂ ಬರೆಯಬಹುದಾಗಿತ್ತು. ದೂರಕ್ಕೆ ಹೋದ ಅಣ್ಣನ ಬೆರಳಿನ ಗುರುತು ಆ ತಂತಿಯಲ್ಲಿದ್ದುದರಿಂದ ನಾನೇ ಅದನ್ನು ಬಿಡಲಾರದೆ ಹೋದೆ. ಗಾಜಿನ ಬೀರುವನ್ನು ನೋಡಿ ಮನಸ್ಸಿನಲ್ಲಿ ಹುಸಿನಕ್ಕ ನಾನು ಅಟ್ಟದ ಕತ್ತಲೆಯಲ್ಲಿ ಅದೇ ಕೆಲಸವನ್ನು ದೀಪವಿಲ್ಲದೆ ಮಾಡಿದ್ದೆ. ಅವನಾದರೂ ಬಂದವರಿಗೆ ತೋರಿಸುತ್ತಿದ್ದನು. ನಾನು ತೋರಿಸಲೂ ಇಲ್ಲ.

2022ರ ದಸರೆಗೆ ಅಣ್ಣನ ಮಗನು ಹೆಂಡತಿ ಮಗನೊಡನೆ ಊರಿಗೆ ಬಂದನು. ಮನೆಯಲ್ಲಿ ಗೊಂಬೆಗಳನ್ನು ಕೂರಿಸಿದ್ದೆವು. ನಮ್ಮ ಸೀಮೆಯ ಮನೆಗಳಲ್ಲಿ ಈ ಪದ್ಧತಿಯನ್ನು ಬಲ್ಲವರು ಬಲ್ಲರು. ವರ್ಷವೆಲ್ಲ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟ ಗೊಂಬೆಗಳನ್ನು ಒಂಬತ್ತು ದಿನ ಹೊರಗೆ ತೆಗೆದು ಮೆಟ್ಟಿಲುಗಳ ಮೇಲೆ ಜೋಡಿಸುತ್ತೇವೆ. ಊರ ಮಕ್ಕಳೆಲ್ಲ ಬಂದು ನೋಡುತ್ತಾರೆ. ಇದು ನನ್ನ ಅಜ್ಜಿಯದು, ಇದನ್ನು ನಿನ್ನ ಮುತ್ತಾತ ತಂದದ್ದು ಎಂದು ಹೆಂಗಸರು ಹೇಳುತ್ತಾರೆ. ಪಟ್ಟದ ಗೊಂಬೆಗಳು ಮಗಳೊಡನೆ ಗಂಡನ ಮನೆಗೂ ಹೋಗುತ್ತವೆ. ಮುಕ್ಕಾದ ಗೊಂಬೆಗೆ ಹೊಸ ಬಣ್ಣ ಹಚ್ಚಿಸುತ್ತೇವೆಯೇ ಹೊರತು, ಮೂಲದ ಬಣ್ಣ ಹೋಯಿತೆಂದು ಯಾರೂ ಮರುಗುವುದಿಲ್ಲ. ಕಾಪಾಡುವುದೂ ಉಂಟು, ಕೊಡುವುದೂ ಉಂಟು. ಮುಚ್ಚಿಡುವುದೂ ಉಂಟು, ತೆರೆದು ತೋರಿಸುವುದೂ ಉಂಟು. ವಸ್ತುವಿನೊಡನೆ ಅದರ ಕಥೆಯೂ ಕೈಯಿಂದ ಕೈಗೆ ಸಾಗುತ್ತದೆ. ಸಂಗ್ರಹಕ್ಕೂ ತ್ಯಾಗಕ್ಕೂ ನಡುವೆ ಒಂದು ದಾರಿಯುಂಟೆಂದು ನಮ್ಮ ಹೆಂಗಸರು ಯಾವ ಗ್ರಂಥವನ್ನೂ ಓದದೆ ಕಂಡುಕೊಂಡಿದ್ದರು. ನಾನು ಅದನ್ನು ಎಪ್ಪತ್ತು ದಸರೆಗಳಲ್ಲಿ ನೋಡಿಯೂ ಕಂಡಿರಲಿಲ್ಲ.

ಆ ಸಂಜೆ ಕಾರನ್ನು ತಂದು ಅವನ ಕೈಯಲ್ಲಿಟ್ಟೆ. ಅವನು ಅದನ್ನು ತಿರುವಿ, ತಂತಿಯನ್ನು ಬೆರಳಿನಿಂದ ಮುಟ್ಟಿ ನೋಡಿದನು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಪ್ಪ ಇದನ್ನು ಕಟ್ಟುವಾಗ ಹಾಡಿಕೊಳ್ಳುತ್ತಿದ್ದರು, ಚಿಕ್ಕಪ್ಪ. ನನಗೆ ಮರೆತೇಹೋಗಿತ್ತು” ಎಂದನು. ಗಾಜಿನ ಬೀರುವಿನ ಕಾರು ಇಷ್ಟು ವರ್ಷ ಎಬ್ಬಿಸಲಾರದೆ ಹೋದುದನ್ನು ಈ ಮುರುಕಲು ಕಾರು ಒಂದು ಗಳಿಗೆಯಲ್ಲಿ ಎಬ್ಬಿಸಿತು. ಕಣ್ಣೊರೆಸಿಕೊಂಡು ಅವನು ಹೇಳಿದ ಮುಂದಿನ ಮಾತೆಂದರೆ, “ಇದಕ್ಕೆ ಒಂದು ಗಾಜಿನ ಪೆಟ್ಟಿಗೆ ಮಾಡಿಸುತ್ತೇನೆ.” ನಾನು ಏನೂ ಹೇಳಲಿಲ್ಲ. ಹೇಳುವ ಅಧಿಕಾರ ನನಗೆಲ್ಲಿತ್ತು?

ಅಷ್ಟರಲ್ಲಿ ಹುಡುಗನು ಬಂದನು. ಎಂಟು ವರ್ಷದವನಾಗಿದ್ದನು, 1982ರಲ್ಲಿ ಅವನ ತಂದೆಗೆ ಇದ್ದಷ್ಟೇ ವಯಸ್ಸು. ಕಾರನ್ನು ನೋಡಿದನು, ತಂದೆಯ ಮುಖವನ್ನು ನೋಡಿದನು, ಕೈ ಚಾಚದೆ ನಿಂತನು. ಕೇಳುವುದನ್ನು ಅವನು ಬಿಟ್ಟುಬಿಟ್ಟಿದ್ದನು. ಅದನ್ನು ಅವನ ತಂದೆಯೂ ಗಮನಿಸಿದನೆಂದು ತೋರುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾರನ್ನು ನೆಲದ ಮೇಲಿಟ್ಟು ಮಗನ ಕಡೆಗೆ ತಳ್ಳಿದನು.

ಹುಡುಗನು ಅದನ್ನು ಮೂರು ದಿನ ಆಡಿದನು. ನಾಲ್ಕನೆಯ ದಿನ ತಂತಿ ಸಡಿಲಿ ಚಕ್ರ ಕಳಚಿತು. ನನಗೆ ಎದೆ ಧಸಕ್ಕೆಂದಿತು. ನಲವತ್ತು ವರ್ಷ ಕಾದಿಟ್ಟ ಅಣ್ಣನ ಕೈಕೆಲಸವು ಹೋಯಿತಲ್ಲ ಎಂದು ವ್ಯಥೆಯಾಯಿತು. ಆ ವ್ಯಥೆಯು ಇಂದಿಗೂ ಪೂರ್ತಿ ಹೋಗಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಕೊಡುವುದರಲ್ಲಿ ನಷ್ಟವಿಲ್ಲವೆಂದು ಹೇಳುವವರು ಏನನ್ನೂ ಕೊಟ್ಟವರಲ್ಲ. ಅಣ್ಣನ ಮಗನು ಎದ್ದು ಹೋಗಿ ಎಲ್ಲಿಂದಲೋ ಒಂದು ತುಂಡು ತಂತಿಯನ್ನು ತಂದು, ಅದೇ ಜಗಲಿಯ ಮೇಲೆ ಕುಳಿತು ಚಕ್ರವನ್ನು ಬಿಗಿಯತೊಡಗಿದನು. ಮಗನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದನು. ಅವರು ಹೊರಟಾಗ ಕಾರನ್ನು ಹುಡುಗನು ತನ್ನ ಅಂಗಿಯ ಜೇಬಿನಲ್ಲಿಯೇ ಒಯ್ದನು. ಅಲ್ಲಿ ಗಾಜಿನ ಬೀರುವನ್ನು ಅಣ್ಣನ ಮಗನು ತೆಗೆದುಹಾಕಿಲ್ಲ. ತೆಗೆದುಹಾಕಬೇಕೆಂದು ನಾನೂ ಹೇಳಿಲ್ಲ.

ಕಳೆದುದನ್ನು ಹಣ ಕೊಟ್ಟು ಕೊಳ್ಳಬಹುದೆ ಎಂಬ ಪ್ರಶ್ನೆಯಿಂದ ಮೊದಲುಮಾಡಿದೆ. ಕೊಳ್ಳಲಾಗದೆಂಬುದು ನನಗೆ ಈಗ ನಿಶ್ಚಯವಾಗಿದೆ. ಕೊಳ್ಳಬಹುದಾದುದು ಉದ್ಬೋಧಕವನ್ನು ಮಾತ್ರ. ಅದು ಎಬ್ಬಿಸಿದ ನೆನಪು ನಮ್ಮನ್ನು ಬೀಗದ ಕಡೆಗೆ ಒಯ್ಯುತ್ತದೆಯೋ, ನಮ್ಮ ಪಕ್ಕದಲ್ಲಿ ಕೈ ಚಾಚದೆ ನಿಂತಿರುವ ಮಗುವಿನ ಕಡೆಗೆ ಒಯ್ಯುತ್ತದೆಯೋ ಎಂಬುದರಲ್ಲಿ ಅದರ ಗುಣದೋಷವಿದೆ. ತಮ್ಮ ತಮ್ಮ ಅಟ್ಟಗಳಲ್ಲಿ ಏನೇನಿದೆಯೆಂಬುದನ್ನು ವಾಚಕರು ಒಮ್ಮೆ ಹತ್ತಿ ನೋಡಿಕೊಳ್ಳಲಿ.